ಸೆಕೆಂಡ್ ಹ್ಯಾಂಡ್ ಫುಲ್‌ರೇಂಜ್ ಸ್ಪೀಕರ್ ಕೊಳ್ಳುವ ಮುನ್ನ ಏನು ನೋಡಬೇಕು, ಹೇಗೆ ಕೇಳಬೇಕು

ಹಳೆಯ ಸ್ಪೀಕರ್‌ನಲ್ಲಿ ಹಾಳಾಗುವ ಭಾಗಗಳು ತುಂಬಾ ಇಲ್ಲ. ಅಲ್ಲಾಡಿ ಸದ್ದು ಮಾಡುವ ಕೋನ್‌ನ ಸುತ್ತ ಇರುವ ಅಂಚು, ಕೋನನ್ನು ಅಲ್ಲಾಡಿಸುವ ತಂತಿಯ ಸುರುಳಿ ಅಂದರೆ ವಾಯ್ಸ್ ಕಾಯಿಲ್, ಬೇಸ್ ಮತ್ತು ಮೇಲಿನ ಸ್ವರಗಳನ್ನು ಬೇರ್ಪಡಿಸುವ ಕ್ರಾಸ್‌ಓವರ್‌ನ ಕೆಪ್ಯಾಸಿಟರ್, ಅಲ್ಲಲ್ಲಿ ಹಾಕಿದ ಗೋಂದು, ಮರದ ಪೆಟ್ಟಿಗೆ. ಇವುಗಳಲ್ಲಿ ಹೆಚ್ಚಿನ ತೊಂದರೆಗಳನ್ನು ಕಣ್ಣು, ಬೆರಳು, ಕಿವಿ ಮೂರರಿಂದಲೇ ಪತ್ತೆ ಹಚ್ಚಬಹುದು. ಚೆನ್ನಾಗಿ ಕಟ್ಟಿದ ಸ್ಪೀಕರ್ ಮೂವತ್ತು ನಲವತ್ತು ವರ್ಷ ಆರಾಮಾಗಿ ಹಾಡುತ್ತದೆ. ಸ್ಟೀರಿಯೋ ಸಿಸ್ಟಮ್‌ನಲ್ಲಿ ಯಾವುದಾದರೂ ಒಂದನ್ನು ಹಳೆಯದು ಕೊಳ್ಳಬೇಕು ಅಂತಿದ್ದರೆ ಅದು ಸ್ಪೀಕರೇ ಆಗಿರಲಿ ಅನ್ನುವವನು ನಾನು.

ದೋಷಗಳಲ್ಲಿ ಎರಡು ಬಗೆ ಇವೆ. ರಿಪೇರಿ ಆಗುವವು, ಆಗದವು. ಹರಿದ ಗ್ರಿಲ್ ಬಟ್ಟೆ, ಪುಡಿಯಾದ ಫೋಮ್, ಒಣಗಿದ ಕೆಪ್ಯಾಸಿಟರ್ ಮೊದಲ ಬಗೆಯವು. ತಯಾರಿಕೆ ನಿಂತುಹೋದ ಡ್ರೈವರ್ (ಕೋನ್, ಕಾಯಿಲ್, ಮ್ಯಾಗ್ನೆಟ್ ಸೇರಿದ ಘಟಕ) ಸುಟ್ಟಿದ್ದರೆ ಅದು ಎರಡನೇ ಬಗೆ. ಕೊಳ್ಳುವವರು ಸಾಮಾನ್ಯವಾಗಿ ಮೊದಲ ಬಗೆಗೆ ಹೆದರಿ ವಾಪಸ್ ಹೋಗುತ್ತಾರೆ. ಎರಡನೆಯದನ್ನು ಗಮನಿಸದೆ ದುಡ್ಡು ಕೊಟ್ಟು ಬರುತ್ತಾರೆ. ಕೆಳಗಿನ ಪರೀಕ್ಷೆಗಳೆಲ್ಲ ಈ ಎರಡನ್ನು ಬೇರೆ ಮಾಡಿ ನೋಡಲಿಕ್ಕೇ ಇರುವುದು.

ಮೊದಲು: ಯಾವ ಫುಲ್‌ರೇಂಜ್ ಬೇಕು?

ಮಾರುಕಟ್ಟೆಯಲ್ಲಿ ಈ ಹೆಸರಲ್ಲಿ ಎರಡು ಬೇರೆ ಬೇರೆ ವಸ್ತುಗಳು ಸಿಗುತ್ತವೆ. ಒಂದರಲ್ಲಿ ಒಂದೇ ಡ್ರೈವರ್ ಇಡೀ ಸಂಗೀತವನ್ನು ನುಡಿಸುತ್ತದೆ. ಫಾಸ್ಟೆಕ್ಸ್, ಲೌದರ್ ಕಂಪನಿಗಳ ಡ್ರೈವರ್‌ಗಳು ಈ ಜಾತಿಯವು. ಇನ್ನೊಂದು, ನೆಲದ ಮೇಲೆ ನಿಲ್ಲುವ ದೊಡ್ಡ ಸ್ಪೀಕರ್. ಬೇಸ್‌ಗೆ ವೂಫರ್, ನಡುವಿನ ಸ್ವರಗಳಿಗೆ ಮಿಡ್‌ರೇಂಜ್, ಮೇಲಿನವಕ್ಕೆ ಟ್ವೀಟರ್ ಅಂತ ಕೆಲಸ ಹಂಚಿಕೊಂಡು, ಸಬ್‌ವೂಫರ್ ಇಲ್ಲದೆಯೇ ಆಳದ ಬೇಸ್‌ವರೆಗೆ ಹೋಗುತ್ತದೆ.

ಎಷ್ಟು ಆಳ ಬೇಕು? ಮನುಷ್ಯರ ಕಿವಿಗೆ ಕೇಳುವುದು ಸುಮಾರು 20 ಹರ್ಟ್ಜ್‌ನಿಂದ 20,000 ಹರ್ಟ್ಜ್‌ವರೆಗೆ. ಪಿಯಾನೋದ ಅತಿ ಕೆಳಗಿನ ಸ್ವರ 27.5 ಹರ್ಟ್ಜ್. ನಾಲ್ಕು ತಂತಿಯ ಬೇಸ್ ಗಿಟಾರ್‌ನ ಕೆಳಗಿನ ತಂತಿ ಸುಮಾರು 41 ಹರ್ಟ್ಜ್. ಅಂದರೆ 40 ಹರ್ಟ್ಜ್‌ವರೆಗೆ ಪ್ರಾಮಾಣಿಕವಾಗಿ ಇಳಿಯುವ ಸ್ಪೀಕರ್ ಸಿಕ್ಕರೆ ಬಹುಪಾಲು ಸಂಗೀತಕ್ಕೆ ಸಾಕು. "ಪ್ರಾಮಾಣಿಕವಾಗಿ" ಅಂದಿದ್ದಕ್ಕೆ ಕಾರಣ ಇದೆ. ಕೆಲವು ಕಂಪನಿಗಳು ಸದ್ದು 3 ಡೆಸಿಬೆಲ್ ಇಳಿಯುವ ಹರ್ಟ್ಜನ್ನು ಬರೆಯುತ್ತವೆ, ಕೆಲವು 10 ಡೆಸಿಬೆಲ್ ಇಳಿಯುವ ಹರ್ಟ್ಜನ್ನು. ಎರಡನೇ ಲೆಕ್ಕದಲ್ಲಿ ಯಾವ ಸ್ಪೀಕರ್ ಬೇಕಾದರೂ ಭರ್ಜರಿಯಾಗಿ ಕಾಣುತ್ತದೆ.

ಒಂದೇ ಡ್ರೈವರ್‌ನ ಸ್ಪೀಕರ್‌ನಲ್ಲಿ ಕ್ರಾಸ್‌ಓವರ್ ಇರುವುದಿಲ್ಲ. ಹಾಡುಗಾರರ ಧ್ವನಿ ಒಂದೇ ಬಿಂದುವಿನಿಂದ ಬರುತ್ತದೆ. ಆ ಸಹಜತೆಗೆ ಒಮ್ಮೆ ಮನಸೋತವರು ಬೇರೆ ಕಡೆ ಹೋಗುವುದು ಕಷ್ಟ. ಆದರೆ ಭೌತಶಾಸ್ತ್ರ ಯಾರನ್ನೂ ಬಿಡುವುದಿಲ್ಲ ಅಲ್ವಾ? ಬೇಸ್‌ಗೆ ತುಂಬಾ ಗಾಳಿ ತಳ್ಳುವ ದೊಡ್ಡ ಕೋನ್ ಬೇಕು. ಮೇಲಿನ ಸ್ವರಗಳಿಗೆ ಚಿಕ್ಕದಾದ, ಹಗುರವಾದ ಕೋನ್ ಬೇಕು. 8 ಇಂಚು, ಅಂದರೆ ಸುಮಾರು 20 ಸೆಂಟಿಮೀಟರ್ ಅಗಲದ ಡ್ರೈವರ್ ತೆಗೆದುಕೊಳ್ಳಿ. ಸುಮಾರು 1,700 ಹರ್ಟ್ಜ್‌ನಲ್ಲಿ ಶಬ್ದದ ತರಂಗವೂ ಅಷ್ಟೇ ಉದ್ದ ಇರುತ್ತದೆ. ಅಲ್ಲಿಂದ ಮೇಲಕ್ಕೆ ಹೋದಂತೆ ಶಬ್ದ ಟಾರ್ಚ್ ಬೆಳಕಿನ ಹಾಗೆ ಕಿರಿದಾಗುತ್ತಾ ಹೋಗುತ್ತದೆ. ಅದಕ್ಕೇ ಅನೇಕ ಫುಲ್‌ರೇಂಜ್ ಡ್ರೈವರ್‌ಗಳ ನಡುವೆ ವಿಝರ್ ಅನ್ನುವ ಇನ್ನೊಂದು ಪುಟ್ಟ ಕೋನ್ ಇರುತ್ತದೆ. ಅದು ಇದ್ದರೂ ನೀವು ಕೂರುವ ಜಾಗ ಸರಿಯಾಗಿರಲೇಬೇಕು.

ಗಾಯನ, ಗಿಟಾರ್, ಸಣ್ಣ ಮೇಳ, ಮಿತವಾದ ವಾಲ್ಯೂಮ್, ಚಿಕ್ಕ ಕೋಣೆ ಇದ್ದರೆ ಒಂದೇ ಡ್ರೈವರ್‌ನದು ಹಿಡಿಯಿರಿ. ದೊಡ್ಡ ಆರ್ಕೆಸ್ಟ್ರಾ, ರಾಕ್, ಎಲೆಕ್ಟ್ರಾನಿಕ್ ಸಂಗೀತ ಜಾಸ್ತಿ ಕೇಳುವವರಿಗೆ ನೆಲದ ಸ್ಪೀಕರೇ ಸರಿ. ಎರಡೂ ಬೇಕು ಅನ್ನುವವರು ಎರಡು ಜೊತೆ ಕೊಳ್ಳುತ್ತಾರೆ. ಈ ಹವ್ಯಾಸದಲ್ಲಿ ಅದೂ ಮಾಮೂಲೇ.

ಇವೆರಡರ ನಡುವೆ ನಿಲ್ಲುವ ವಿಚಿತ್ರವೂ ಒಂದಿದೆ. 1968ರಲ್ಲಿ ಬಂದ ಬೋಸ್ 901. ಪ್ರತಿ ಪೆಟ್ಟಿಗೆಯಲ್ಲಿ ಒಂಬತ್ತು ಚಿಕ್ಕ ಫುಲ್‌ರೇಂಜ್ ಡ್ರೈವರ್‌ಗಳು, ಅದರಲ್ಲಿ ಎಂಟು ಹಿಂದಿನ ಗೋಡೆಯ ಕಡೆ ಮುಖ ಮಾಡಿರುತ್ತವೆ. ಇದಕ್ಕೆ ತನ್ನದೇ ಈಕ್ವಲೈಸರ್ ಡಬ್ಬಿ ಇದೆ. ಅದಿಲ್ಲದೆ ಬೇಸ್ ಮತ್ತು ಟ್ರೆಬಲ್ ಎರಡೂ ಸೊರಗುತ್ತವೆ. ಸ್ಪೀಕರ್ ಜೊತೆ ಅದೇ ಸೀರೀಸ್‌ನ ಈಕ್ವಲೈಸರ್ ಬರುತ್ತಿಲ್ಲ ಅಂದರೆ ಮುಂದೆ ಮಾತು ಬೇಡ.

ನಿಮ್ಮ ಆಂಪ್ (ಆಂಪ್ಲಿಫೈಯರ್), ನಿಮ್ಮ ಕೋಣೆ

ಸ್ಪೀಕರ್‌ನ ಹಿಂದೆ ಬರೆದಿರುವ "ಇಷ್ಟು ವಾಟ್" ನೋಡಿ ಮರುಳಾಗಬೇಡಿ. ಅದಕ್ಕಿಂತ ಮುಖ್ಯವಾದದ್ದು ಸೆನ್ಸಿಟಿವಿಟಿ. 2.83 ವೋಲ್ಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದ ಶಬ್ದ ಅದು. 3 ಡೆಸಿಬೆಲ್ ಹೆಚ್ಚಬೇಕಾದರೆ ಆಂಪ್‌ನ ಶಕ್ತಿ ಎರಡು ಪಟ್ಟಾಗಬೇಕು. 10 ಡೆಸಿಬೆಲ್‌ಗೆ ಹತ್ತು ಪಟ್ಟು. ಹಾಗಾಗಿ 95 ಡೆಸಿಬೆಲ್‌ನ ಸ್ಪೀಕರ್ 5 ವಾಟ್‌ನಲ್ಲಿ ಮಾಡುವ ಸದ್ದಿಗೆ 85 ಡೆಸಿಬೆಲ್‌ನದಕ್ಕೆ 50 ವಾಟ್ ಬೇಕು. ನಿಮ್ಮ ಬಳಿ ಇರುವುದು 300ಬಿ ಅನ್ನುವ ವಾಲ್ವ್‌ನ (ಗಾಜಿನ ಟ್ಯೂಬ್‌ನ) ಸಿಂಗಲ್ ಎಂಡೆಡ್ ಆಂಪ್ ಆದರೆ ಸಿಗುವುದು ಸುಮಾರು 8 ವಾಟ್. ಅಂಥವರು 93 ಡೆಸಿಬೆಲ್‌ಗಿಂತ ಕೆಳಗಿನ ಸ್ಪೀಕರ್ ನೋಡದಿರುವುದೇ ಒಳ್ಳೆಯದು. ಆಂಪ್ 4 ಓಮ್‌ನ ಸ್ಪೀಕರ್ ತಡೆಯುತ್ತದೋ ಇಲ್ಲವೋ ಅನ್ನುವುದನ್ನೂ ಮನೆಯಲ್ಲೇ ನೋಡಿಕೊಂಡು ಹೊರಡಿ.

ಕೋಣೆಯ ಲೆಕ್ಕ ಇನ್ನೂ ಸುಲಭ. ಶಬ್ದದ ವೇಗವಾದ 343ನ್ನು (ಸೆಕೆಂಡಿಗೆ ಮೀಟರ್) ಕೋಣೆಯ ಉದ್ದದ ಎರಡು ಪಟ್ಟಿನಿಂದ ಭಾಗಿಸಿ. 4 ಮೀಟರ್ ಕೋಣೆಗೆ ಸುಮಾರು 43 ಹರ್ಟ್ಜ್ ಬರುತ್ತದೆ. ಆ ಸ್ವರ ನಿಮ್ಮ ಕೋಣೆಯಲ್ಲಿ ತಾನಾಗೇ ಉಬ್ಬುತ್ತದೆ. ಅಂಥ ಕಡೆ ಎರಡು ದೊಡ್ಡ ವೂಫರ್‌ನ ಸ್ಪೀಕರ್ ತಂದಿಟ್ಟರೆ ಬರೀ ಗುಂಯ್ ಅನ್ನುತ್ತಿರುತ್ತದೆ. ಹಿಂಬದಿಯಲ್ಲಿ ಪೋರ್ಟ್ (ಗಾಳಿ ಆಡುವ ತೂತು) ಇರುವವಕ್ಕೆ ಗೋಡೆಯಿಂದ ಸ್ವಲ್ಪ ದೂರ ಬೇಕು. ಕ್ಲಿಪ್ಶ್‌ಹಾರ್ನ್‌ನಂಥ ಹಾರ್ನ್ ಸ್ಪೀಕರ್‌ಗಳು ಕೋಣೆಯ ಮೂಲೆಯನ್ನೇ ತಮ್ಮ ಹಾರ್ನ್‌ನ ಭಾಗವಾಗಿ ಬಳಸುತ್ತವೆ. ಖಾಲಿ ಮೂಲೆ ಇಲ್ಲದವರಿಗೆ ಅವು ಕೊಡುಗೆಗೆ ಸಿಕ್ಕರೂ ದಂಡ. ಇಡುವ ಜಾಗವನ್ನು ಟೇಪ್ ಹಿಡಿದು ಅಳೆದಿಟ್ಟುಕೊಳ್ಳಿ.

ಫೋನ್‌ನಲ್ಲೇ ಕೇಳಬೇಕಾದವು

ಗ್ರಿಲ್ ತೆಗೆದು, ಪ್ರತಿ ಡ್ರೈವರ್‌ನ ಹತ್ತಿರದ ಫೋಟೋ ಕಳಿಸಲು ಹೇಳಿ. ಹಿಂಬದಿಯ ಲೇಬಲ್, ಎರಡರ ಸೀರಿಯಲ್ ನಂಬರ್ ಕೇಳಿ. ನಂಬರ್‌ಗಳು ಅಕ್ಕಪಕ್ಕದವಾದರೆ ಒಟ್ಟಿಗೆ ಹುಟ್ಟಿದ ಜೋಡಿ. ದೂರ ಇದ್ದರೆ ತಪ್ಪೇನಿಲ್ಲ, ಆದರೆ ಯಾಕೆ ಅಂತ ವಿಚಾರಿಸಿ. ಡ್ರೈವರ್ ಬದಲಾಗಿದೆಯಾ, ಅಂಚಿನ ಫೋಮ್ ಹೊಸದಾಗಿ ಹಾಕಿಸಿದ್ದಾ, ಹಾಕಿದ್ದು ಯಾರು, ಇಷ್ಟು ದಿನ ಎಲ್ಲಿಟ್ಟಿದ್ದರು, ಪಾರ್ಟಿಗೆ ಬಳಸಿದ್ದಾರಾ. ಕೊನೆಯ ಪ್ರಶ್ನೆಗೆ ನಿಜ ಉತ್ತರ ಸಿಗುವುದು ಕಮ್ಮಿ, ಆದರೂ ಕೇಳಿ. ಯಾಕೆ ಮಾರುತ್ತಿದ್ದೀರಿ ಅನ್ನುವ ಪ್ರಶ್ನೆಯಿಂದ ಮಾತ್ರ ಏನೂ ಪ್ರಯೋಜನವಿಲ್ಲ. ಎಲ್ಲರೂ ಮನೆ ಬದಲಿಸುತ್ತಿರುತ್ತಾರೆ.

ನುಡಿಸಿ ತೋರಿಸಲು ಆಗುವುದಿಲ್ಲ ಅಂದರೆ, ಕೆಟ್ಟಿರುವ ಸ್ಪೀಕರ್‌ನ ಬೆಲೆಗಿಂತ ಜಾಸ್ತಿ ಕೊಡಬೇಡಿ.

ನೋಡಿ, ಮುಟ್ಟಿ

ಹೋಗುವಾಗ ಟಾರ್ಚ್, ಮಲ್ಟಿಮೀಟರ್, ಒಂದು 1.5 ವೋಲ್ಟ್ ಸೆಲ್, ಎರಡು ತುಂಡು ವೈರ್, ಒಂದು ದಪ್ಪ ಹಾಳೆ ಇರಲಿ. ಸಾಧ್ಯವಾದರೆ ನಿಮ್ಮ ಆಂಪನ್ನೇ ಒಯ್ಯಿರಿ.

ಮೊದಲು ಕೋನ್‌ನ ಸುತ್ತಲಿನ ಅಂಚು. ಅದು ಫೋಮ್, ರಬ್ಬರ್ ಅಥವಾ ಬಟ್ಟೆಯದಾಗಿರುತ್ತದೆ. ಬಟ್ಟೆಯದು ದೀರ್ಘಾಯುಷಿ. ರಬ್ಬರ್ ಕೂಡ ಬಹಳ ಕಾಲ ಬಾಳುತ್ತದೆ, ಆದರೆ ಗಟ್ಟಿಯಾಗಿದೆಯಾ, ಬಿರುಕು ಬಿಟ್ಟಿದೆಯಾ ನೋಡಿ. ಫೋಮ್‌ನದೇ ತಲೆನೋವು. ಹದಿನೈದು ಇಪ್ಪತ್ತು ವರ್ಷ ಆಗುತ್ತಿದ್ದಂತೆ ಅದು ಅಂಟಂಟಾಗುತ್ತದೆ, ಆಮೇಲೆ ಪುಡಿಯಾಗುತ್ತದೆ. ಸೆಕೆ, ತೇವ, ಬಿಸಿಲು ಇದ್ದಲ್ಲಿ ಇನ್ನೂ ಬೇಗ. ನುಡಿಸದೆ ಡಬ್ಬದಲ್ಲಿ ಮುಚ್ಚಿಟ್ಟರೂ ಅಷ್ಟೇ. "ಒಂದು ದಿನವೂ ಬಳಸಿಲ್ಲ" ಅನ್ನುವ ಮಾತಿಗೆ ಇಲ್ಲಿ ಬೆಲೆಯಿಲ್ಲ. ಬೆರಳ ತುದಿಯಿಂದ ಮೆತ್ತಗೆ ಒತ್ತಿ. ಬೆರಳಿಗೆ ಕಪ್ಪು ಪುಡಿಯೋ ಅಂಟೋ ಬಂದರೆ ಅದರ ಕಾಲ ಮುಗಿದಿದೆ.

ಇದಕ್ಕೆ ಹೆದರಬೇಡಿ ಅಂತ ಹೇಳಿದೆನಲ್ಲ. ಹೊಸ ಫೋಮ್ ಅಂಟಿಸುವುದು ಗೊತ್ತಿರುವ ಕೆಲಸ, ಹೆಸರಾಂತ ಮಾಡೆಲ್‌ಗಳಿಗೆ ಸರಿಯಾದ ಅಳತೆಯ ಕಿಟ್ ಸಿಗುತ್ತದೆ. ನಿಜವಾದ ಅಪಾಯ ಬೇರೆ ಇದೆ. ಯಾರೋ ಈಗಾಗಲೇ ಕೆಟ್ಟದಾಗಿ ಅಂಟಿಸಿದ್ದರೆ ಕೋನ್ ನಡುವಿಗೆ ಕೂತಿರುವುದಿಲ್ಲ, ವಾಯ್ಸ್ ಕಾಯಿಲ್ ಮ್ಯಾಗ್ನೆಟ್‌ಗೆ ಉಜ್ಜುತ್ತದೆ. ಹರಿದ ಫೋಮ್‌ನಲ್ಲೇ ವರ್ಷಗಟ್ಟಲೆ ಜೋರಾಗಿ ನುಡಿಸಿದ್ದರೂ ಇದೇ ಗತಿ. ಪರೀಕ್ಷೆ ಹೀಗೆ: ಮಾರುವವರಿಗೆ ಹೇಳಿ, ಎರಡೂ ಕೈಯ ಬೆರಳುಗಳನ್ನು ಕೋನ್‌ನ ಎದುರುಬದುರು ಇಟ್ಟು, ಒಂದೇ ಸಮನಾಗಿ ನಿಧಾನವಾಗಿ ಒಳಕ್ಕೆ ತಳ್ಳಿ ಬಿಡಿ. ಕಿವಿ ಹತ್ತಿರ ಇರಲಿ. ಏನೂ ಸದ್ದಿಲ್ಲದೆ ಹೋಗಿ ಬಂದರೆ ಸರಿ. ಕರಕರ ಅಂದರೆ ಕಾಯಿಲ್ ಉಜ್ಜುತ್ತಿದೆ. ಒಂದೇ ಡ್ರೈವರ್‌ನ ಸ್ಪೀಕರ್‌ಗಳಲ್ಲಿ ಕೋನ್ ಓಡಾಡುವ ಜಾಗ ಬಹಳ ಕಮ್ಮಿ, ಅಲ್ಲಿ ಒತ್ತಡ ಇನ್ನೂ ಹಗುರ ಇರಲಿ.

ಇದೇ ತಳ್ಳುವ ಪರೀಕ್ಷೆ ಮುಚ್ಚಿದ ಪೆಟ್ಟಿಗೆಯ ಸ್ಪೀಕರ್‌ಗಳಲ್ಲಿ ಇನ್ನೊಂದು ಸುದ್ದಿಯನ್ನೂ ಕೊಡುತ್ತದೆ. 1954ರಲ್ಲಿ ಎಡ್ಗರ್ ವಿಲ್ಚರ್ ಅವರ ಅಕೌಸ್ಟಿಕ್ ರಿಸರ್ಚ್ ಕಂಪನಿ ತಂದ ಎಆರ್-1ರಲ್ಲಿ ಒಳಗಿನ ಗಾಳಿಯೇ ಸ್ಪ್ರಿಂಗ್. ಆಮೇಲೆ ಬಂದ ಎಷ್ಟೋ ಸ್ಪೀಕರ್‌ಗಳು ಇದೇ ದಾರಿ ಹಿಡಿದವು. ಇಂಥವುಗಳ ವೂಫರ್ ತಳ್ಳಿ ಒಂದೆರಡು ಕ್ಷಣ ಹಿಡಿದು ಬಿಟ್ಟರೆ ಕೋನ್ ನಿಧಾನವಾಗಿ ವಾಪಸ್ ಬರಬೇಕು. ಥಟ್ಟನೆ ಬಂದರೆ ಎಲ್ಲೋ ಗಾಳಿ ಸೋರುತ್ತಿದೆ. ಹೆಚ್ಚಾಗಿ ಇದು ಗ್ಯಾಸ್ಕೆಟ್ ಅಥವಾ ಅಂಚಿನ ತೊಂದರೆ, ಸರಿ ಹೋಗುತ್ತದೆ. ಪೋರ್ಟ್ ಇರುವ ಪೆಟ್ಟಿಗೆಗೆ ಈ ಲೆಕ್ಕ ಇಲ್ಲ.

ಟ್ವೀಟರ್ ಮುಟ್ಟಬೇಡಿ, ಕಣ್ಣಲ್ಲೇ ನೋಡಿ. ಅದರ ನಡುವಿನ ರೇಷ್ಮೆ ಅಥವಾ ಬಟ್ಟೆಯ ಡೋಮ್ (ಗುಮ್ಮಟ) ಒಳಕ್ಕೆ ಹೋಗಿದ್ದರೆ ಎಷ್ಟೋ ಸಲ ಹೊರಗೆ ತರಬಹುದು. ಲೋಹದ ಡೋಮ್ ತಗ್ಗಿದ್ದರೆ ಅದು ಹಾಗೇ. 1974ರ ಯಮಹಾ ಎನ್‌ಎಸ್-1000ದಂಥವುಗಳಲ್ಲಿ ಡೋಮ್ ಬೆರಿಲಿಯಂನದು. ಒಡೆದ ಬೆರಿಲಿಯಂನ ಪುಡಿ ಶ್ವಾಸಕೋಶಕ್ಕೆ ವಿಷ. ಅದು ಬಿರುಕು ಬಿಟ್ಟಿದ್ದರೆ ಹತ್ತಿರವೂ ಹೋಗಬೇಡಿ. ವೂಫರ್ ನಡುವಿನ ಡಸ್ಟ್ ಕ್ಯಾಪ್ ಒಳಕ್ಕೆ ಹೋಗಿದ್ದರೆ ನೋಡಲಿಕ್ಕೆ ಚೆಂದವಲ್ಲ, ಅಷ್ಟೇ. ಮಕ್ಕಳಿದ್ದ ಮನೆಯ ಸ್ಪೀಕರ್ ಅಂದುಕೊಂಡು ಬೆಲೆ ಇಳಿಸಿ.

ವಿಝರ್ ಇದ್ದರೆ ಅದರ ಅಂಚು ಮತ್ತು ಬುಡದ ಗೋಂದನ್ನು ಟಾರ್ಚ್ ಹಾಕಿ ನೋಡಿ. ಬುಡ ಬಿಟ್ಟಿದ್ದರೆ ಕೆಲವು ಸ್ವರಗಳಿಗೆ ಝರ್ ಅನ್ನುತ್ತದೆ. ಕಾಗದದ ಕೋನ್‌ನ ಸಣ್ಣ ಸೀಳನ್ನು ತೆಳು ಕಾಗದ, ಬಿಳಿ ಗೋಂದಿನಿಂದ ಮುಚ್ಚಬಹುದು. ಸೀಳು ಅಂಚಿನಿಂದ ನಡುವಿನವರೆಗೆ ಓಡಿದ್ದರೆ ಬೇಡ.

ಆಮೇಲೆ ಸ್ಕ್ರೂಗಳು. ಒಂದೊಂದು ಒಂದೊಂದು ಥರ ಇದ್ದರೆ, ತಲೆ ಸವೆದಿದ್ದರೆ, ಒಳಗೆ ಯಾರೋ ಕೈ ಹಾಕಿದ್ದಾರೆ. ಪೆಟ್ಟಿಗೆಯ ತಳದ ಅಂಚು ಉಬ್ಬಿದ್ದರೆ ನೀರು ಕುಡಿದಿದೆ. ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಒಮ್ಮೆ ಉಬ್ಬಿದರೆ ಮತ್ತೆ ಇಳಿಯುವುದಿಲ್ಲ. ಮೂಲೆ ಜಜ್ಜಿದ್ದರೆ ಸ್ಪೀಕರ್ ಬಿದ್ದಿದೆ. ಬಿದ್ದಾಗ ಭಾರವಾದ ಮ್ಯಾಗ್ನೆಟ್ ಗೋಂದು ಬಿಟ್ಟು ಪಕ್ಕಕ್ಕೆ ಸರಿಯಬಹುದು, ಕಾಯಿಲ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಜಜ್ಜಿದ ಮೂಲೆ ಕಂಡಲ್ಲಿ ತಳ್ಳುವ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.

ಹಿಂದೆ ಎರಡು ಜೊತೆ ಟರ್ಮಿನಲ್ ಇದ್ದರೆ ಅವನ್ನು ಸೇರಿಸುವ ಲೋಹದ ಪಟ್ಟಿಗಳಿವೆಯಾ ನೋಡಿ. ಪಟ್ಟಿ ಕಳೆದುಹೋಗಿ ಟ್ವೀಟರ್ ಸುಮ್ಮನಿರುವುದನ್ನು "ಟ್ವೀಟರ್ ಕೆಟ್ಟಿದೆ" ಅಂತ ಅಗ್ಗಕ್ಕೆ ಮಾರುವವರಿದ್ದಾರೆ. ಒಂದು ತುಂಡು ವೈರ್ ಸಾಕು, ನಿಮ್ಮ ಅದೃಷ್ಟ.

ಮೀಟರ್ ಮತ್ತು ಸೆಲ್

ವೈರ್ ಕಳಚಿ, ಟರ್ಮಿನಲ್‌ಗಳ ನಡುವೆ ಓಮ್ ಅಳೆಯಿರಿ. 8 ಓಮ್ ಅಂತ ಬರೆದಿದ್ದರೆ ಮೀಟರ್ 5.5ರಿಂದ 7ರ ನಡುವೆ ತೋರಿಸುವುದು ಸಹಜ. 4 ಓಮ್‌ನದಕ್ಕೆ 3 ಅಥವಾ 3.5ರ ಆಸುಪಾಸು. ಎಡ ಬಲ ಎರಡೂ ಹೆಚ್ಚುಕಮ್ಮಿ ಒಂದೇ ಇರಬೇಕು. ಅದೇ ಮುಖ್ಯ. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿದೆ ಅಥವಾ ಎಲ್ಲೋ ತಂತಿ ಕಿತ್ತಿದೆ. ಕ್ರಾಸ್‌ಓವರ್ ಇರುವ ಸ್ಪೀಕರ್‌ನಲ್ಲಿ ಮೀಟರಿಗೆ ಸಾಮಾನ್ಯವಾಗಿ ವೂಫರ್ ಮಾತ್ರ ಕಾಣುತ್ತದೆ. ಟ್ವೀಟರ್ ಬದುಕಿದೆಯೋ ಅಂತ ಅದರಿಂದ ಗೊತ್ತಾಗುವುದಿಲ್ಲ.

ಸೆಲ್‌ನ ಪ್ಲಸ್ಸನ್ನು ಕೆಂಪು ಟರ್ಮಿನಲ್‌ಗೆ, ಮೈನಸ್ಸನ್ನು ಕಪ್ಪಿಗೆ ಒಂದು ಕ್ಷಣ ತಾಗಿಸಿ. ಕೋನ್ ಮುಂದಕ್ಕೆ ಹಾರಬೇಕು. ಹಳೆಯ ಜೆಬಿಎಲ್ ಡ್ರೈವರ್‌ಗಳಲ್ಲಿ ಇದು ಉಲ್ಟಾ, ಅವು ಹಿಂದಕ್ಕೆ ಹೋಗುತ್ತವೆ. ಯಾವ ಕಡೆ ಹೋದರೂ ಎಡ ಬಲ ಎರಡೂ ಒಂದೇ ಕಡೆ ಹೋಗಲಿ. ಒಂದು ಮುಂದೆ, ಒಂದು ಹಿಂದೆ ಹೋದರೆ ಯಾರೋ ಬಿಚ್ಚಿ ತಿರುಗಾಮುರುಗಾ ಜೋಡಿಸಿದ್ದಾರೆ. ರಿಪೇರಿ ಸುಲಭ, ಆದರೆ ಒಳಗೆ ಇನ್ನೇನು ಮಾಡಿದ್ದಾರೋ ಅನ್ನುವ ಅನುಮಾನ ಇರಲಿ.

ಈಗ ಕೇಳಿ

ನಿಮಗೆ ಬಾಯಿಪಾಠ ಆಗಿರುವ ಹಾಡುಗಳನ್ನೇ ಹಾಕಿ. ಆಂಪ್‌ನ ಟೋನ್ ಕಂಟ್ರೋಲ್, ಲೌಡ್‌ನೆಸ್ ಎಲ್ಲ ಆಫ್. ಮಾರುವವರು ಬೇಸ್ ಏರಿಸಿಟ್ಟಿರುವುದು ಮಾಮೂಲು.

ಮೊದಲು ಮೋನೋದಲ್ಲಿ (ಎರಡೂ ಕಡೆ ಒಂದೇ ಸದ್ದು) ಒಂದೇ ಧ್ವನಿಯ ಹಾಡು, ಸಣ್ಣ ವಾಲ್ಯೂಮ್. ಧ್ವನಿ ಎರಡು ಸ್ಪೀಕರ್‌ಗಳ ನಟ್ಟನಡುವೆ ನಿಲ್ಲಬೇಕು. ಒಂದು ಕಡೆ ವಾಲಿದರೆ ಎಡ ಬಲದ ವೈರ್ ಅದಲು ಬದಲು ಮಾಡಿ. ವಾಲುವಿಕೆಯೂ ಪಕ್ಕ ಬದಲಿಸಿದರೆ ತಪ್ಪು ಆಂಪ್‌ನದು. ಅದೇ ಕಡೆ ಉಳಿದರೆ ಸ್ಪೀಕರ್‌ನದು ಅಥವಾ ಕೋಣೆಯದು. ಈಗ ಸ್ಪೀಕರ್‌ಗಳನ್ನೇ ಜಾಗ ಬದಲಿಸಿ ನೋಡಿದರೆ ಅದೂ ತೀರ್ಮಾನ ಆಗುತ್ತದೆ. ಭಾರ ಎತ್ತಲು ಸೋಮಾರಿತನ ಬೇಡ, ನನಗೆ ಗೊತ್ತಿರುವ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಆಮೇಲೆ ಫೋನ್‌ನಿಂದ ಪಿಂಕ್ ನಾಯ್ಸ್ ಹಾಕಿ, ಬ್ಯಾಲೆನ್ಸ್ ತಿರುಗಿಸುತ್ತಾ ಒಂದಾದ ಮೇಲೆ ಒಂದು ಸ್ಪೀಕರ್ ಕೇಳಿ. ಜೋಡಿಯಲ್ಲಿ ವ್ಯತ್ಯಾಸ ಇದ್ದರೆ ಸಂಗೀತದಲ್ಲಿ ಅಡಗಿಕೊಳ್ಳುತ್ತದೆ, ಈ ಶೋ ಅನ್ನುವ ಸದ್ದಿನಲ್ಲಿ ಅಡಗುವುದಿಲ್ಲ. ತಂದಿದ್ದ ಹಾಳೆಯನ್ನು ಕೊಳವೆ ಮಾಡಿ ಪ್ರತಿ ಡ್ರೈವರ್ ಮುಂದೆ ಹಿಡಿದು ಕಿವಿ ಇಡಿ. ಯಾವ ಟ್ವೀಟರ್ ಪಿಸುಗುಡುತ್ತಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಕೆಲವು ಟ್ವೀಟರ್‌ಗಳ ಒಳಗೆ ಫೆರೋಫ್ಲೂಯಿಡ್ ಅನ್ನುವ ಅಯಸ್ಕಾಂತೀಯ ದ್ರವ ಇರುತ್ತದೆ. ವರ್ಷಗಳು ಕಳೆದಂತೆ ಅದು ಜಿಡ್ಡುಗಟ್ಟಿದರೆ ಸದ್ದು ಮಂಕಾಗುತ್ತದೆ. ತೊಳೆದು ಹೊಸದು ಹಾಕಬಹುದು.

ಮುಂದೆ ಕೆಳಗಿನ ಸ್ವರಗಳ ಸ್ವೀಪ್. 30 ಹರ್ಟ್ಜ್‌ನಿಂದ 300ರವರೆಗೆ ನಿಧಾನವಾಗಿ, ಕಡಿಮೆ ವಾಲ್ಯೂಮ್‌ನಲ್ಲಿ. ಜೋರು ಮಾಡಿದರೆ ಒಂದೇ ಡ್ರೈವರ್‌ನವು ಮತ್ತು ಪೋರ್ಟ್ ಇರುವವು ಮಿತಿ ಮೀರಿ ಅಲ್ಲಾಡಿ ಪೆಟ್ಟು ತಿನ್ನುತ್ತವೆ. ಎಲ್ಲೋ ಒಂದು ಸ್ವರಕ್ಕೆ ಝುಂಯ್ ಅಥವಾ ಟಕಟಕ ಬಂದರೆ ಮೊದಲು ಗ್ರಿಲ್, ಸ್ಕ್ರೂ, ಪಕ್ಕದ ಕಿಟಕಿಯನ್ನು ಕೈಯಲ್ಲಿ ಒತ್ತಿ ನೋಡಿ. ಅದರಲ್ಲೇ ಎಷ್ಟೋ ಸಲ ಉತ್ತರ ಇರುತ್ತದೆ.

ಕೊನೆಗೆ ಪರೀಕ್ಷೆ ಎಲ್ಲ ಬಿಟ್ಟು ಒಂದು ಹಾಡು ಪೂರ್ತಿ ಕೇಳಿ. ಶುರುವಿನಲ್ಲೇ ಬೆರಗು ಹುಟ್ಟಿಸುವ ಸ್ಪೀಕರ್ ಬಗ್ಗೆ ನನಗೆ ಯಾವಾಗಲೂ ಸಂಶಯ. ಹಲವು ಸಲ ಅದು ಮೇಲಿನ ಸ್ವರಗಳನ್ನು ಎತ್ತಿ ಹಿಡಿದಿರುತ್ತದೆ, ಗಂಟೆ ಕಳೆಯುವಷ್ಟರಲ್ಲಿ ತಲೆ ಭಾರ.

ಬೆಲೆ ಮಾತಾಡುವ ಹೊತ್ತು

ಎರಡು ಪಟ್ಟಿ ಮನಸ್ಸಿನಲ್ಲಿರಲಿ. ಫೋಮ್, ಗ್ರಿಲ್, ಟರ್ಮಿನಲ್, ಗ್ಯಾಸ್ಕೆಟ್, ಮೈ ಮೇಲಿನ ಗೀರು, ಕೆಪ್ಯಾಸಿಟರ್ ಇವೆಲ್ಲ ಚೌಕಾಶಿಯ ವಿಷಯ. ಕ್ರಾಸ್‌ಓವರ್‌ನ ಎಲೆಕ್ಟ್ರೋಲೈಟಿಕ್ ಕೆಪ್ಯಾಸಿಟರ್‌ಗಳು ವಯಸ್ಸಾದಂತೆ ಅಳತೆ ತಪ್ಪುತ್ತವೆ, ಫಿಲ್ಮ್‌ನವು ಹೆಚ್ಚಾಗಿ ತಪ್ಪುವುದಿಲ್ಲ. ಬದಲಿಸುವಾಗ ಅದೇ ಅಳತೆಯ, ಅಂದರೆ ಅದೇ ಮೈಕ್ರೋಫ್ಯಾರಡ್‌ನ, ಪೋಲಾರಿಟಿ ಇಲ್ಲದ ಕೆಪ್ಯಾಸಿಟರ್ ಹಾಕಬೇಕು. ಎರಡೂ ಸ್ಪೀಕರ್‌ಗಳಲ್ಲಿ ಒಟ್ಟಿಗೆ. ಖರ್ಚನ್ನು ಯಾವಾಗಲೂ ಜೋಡಿಗೆ ಲೆಕ್ಕ ಹಾಕಿ, ಬೆಲೆಯಿಂದ ಕಳೆಯಿರಿ.

ಸುಟ್ಟ ಕಾಯಿಲ್, ಸರಿದ ಮ್ಯಾಗ್ನೆಟ್, ತಗ್ಗಿದ ಲೋಹದ ಡೋಮ್, ಒಂದು ಕಡೆ ಬೇರೆ ಕಂಪನಿಯ ಡ್ರೈವರ್, ನೀರು ಕುಡಿದ ಪೆಟ್ಟಿಗೆ ಕಂಡರೆ ಮಾತ್ರ ಒಂದೇ ಪ್ರಶ್ನೆ: ಮೂಲ ಡ್ರೈವರ್ ಎಲ್ಲಾದರೂ ಸಿಗುತ್ತದಾ? ಸಿಗುವುದಿಲ್ಲ ಅಂದರೆ ನಮಸ್ಕಾರ ಹೇಳಿ ಹೊರಡಿ. ಎಷ್ಟೇ ದೊಡ್ಡ ಹೆಸರಿದ್ದರೂ ಸರಿ. ಒಂಟಿ ಸ್ಪೀಕರ್ ಕೊಂಡು, ಜೊತೆ ಹುಡುಕಿಕೊಳ್ಳುತ್ತೇನೆ ಅನ್ನುವ ಯೋಚನೆಯೂ ಬೇಡ.

ಮನೆಯಲ್ಲೇ ಕಟ್ಟಿದ ಪೆಟ್ಟಿಗೆಗಳ ಕಥೆ ಬೇರೆ. ಫುಲ್‌ರೇಂಜ್ ಡ್ರೈವರ್‌ಗಳು ಬಹಳಷ್ಟು ಇಂಥ ಪೆಟ್ಟಿಗೆಗಳಲ್ಲೇ ಮಾರಾಟಕ್ಕೆ ಬರುತ್ತವೆ. ಡ್ರೈವರ್‌ಗೆ ಎಷ್ಟು ದೊಡ್ಡ ಪೆಟ್ಟಿಗೆ ಬೇಕು ಅನ್ನುವ ಲೆಕ್ಕವನ್ನು ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 1970ರ ದಶಕದ ಶುರುವಿನಲ್ಲಿ ಕೊಟ್ಟರು. ಇಂದಿಗೂ ಡ್ರೈವರ್‌ನ ಡೇಟಾ ಶೀಟ್‌ನಲ್ಲಿ ಅವರ ಹೆಸರಿನ ಅಂಕಿಗಳು ಇರುತ್ತವೆ. ಕಟ್ಟಿದವರ ಬಳಿ ನಕ್ಷೆ ಇದೆಯಾ ಕೇಳಿ. ಇದ್ದರೆ ಡೇಟಾ ಶೀಟ್ ಜೊತೆ ಹೋಲಿಸಿ. ಇಲ್ಲದಿದ್ದರೆ ಬರೀ ಡ್ರೈವರ್‌ಗೆ ಬೆಲೆ ಕಟ್ಟಿ. ಡ್ರೈವರ್ ಚೆನ್ನಾಗಿದ್ದರೆ ಪೆಟ್ಟಿಗೆ ಮುಂದೆ ಹೊಸದು ಕಟ್ಟಿಸಬಹುದು.

ಮನೆಗೆ ತಂದ ಮೇಲೆ

ಸಾಗಿಸುವಾಗ ನಿಲ್ಲಿಸಿ ಅಥವಾ ಬೆನ್ನ ಮೇಲೆ ಮಲಗಿಸಿ. ಮುಖ ಅಡಿಯಾಗಿ ಬೇಡವೇ ಬೇಡ. ಗ್ರಿಲ್ ಹಾಕಿರಲಿ, ಅದರ ಮುಂದೆ ದಪ್ಪ ರಟ್ಟು ಇರಲಿ. ಹಗ್ಗ ಡ್ರೈವರ್ ಮೇಲೆ ಹಾಯಬಾರದು.

ನೀವು ಕೂರುವ ಜಾಗ ಮತ್ತು ಎರಡು ಸ್ಪೀಕರ್‌ಗಳು ಸರಿಸುಮಾರು ಸಮಬಾಹು ತ್ರಿಕೋನ ಆಗುವಂತೆ ಇಟ್ಟು ಶುರು ಮಾಡಿ. ಒಂದೇ ಡ್ರೈವರ್‌ನವನ್ನು ಸ್ವಲ್ಪ ಸ್ವಲ್ಪವೇ ಒಳಮುಖ ತಿರುಗಿಸುತ್ತಾ ಹೋಗಿ. ನೇರ ಕಿವಿಗೆ ಗುರಿಯಿಟ್ಟರೆ ಮೇಲಿನ ಸ್ವರ ಚುಚ್ಚಬಹುದು, ಕೊಂಚ ಹೊರಗೆ ತಿರುಗಿಸಿದರೆ ತಣ್ಣಗಾಗುತ್ತದೆ. ಈ ಸ್ಪೀಕರ್‌ಗಳ ಟೋನ್ ಕಂಟ್ರೋಲ್ ಅದೇ. ಬೇಸ್ ಜಾಸ್ತಿ ಅನ್ನಿಸಿದರೆ ಗೋಡೆಯಿಂದ ಒಂದೊಂದು ಗೇಣು ಮುಂದೆ ತನ್ನಿ. ಫೋಮ್ ಅಂಚಿನವನ್ನು ಬಿಸಿಲು ಬೀಳುವ ಕಡೆ ಇಡಬೇಡಿ.

ಕೆಪ್ಯಾಸಿಟರ್ ಅಥವಾ ಬೇರೆ ಭಾಗ ಬದಲಿಸಿದರೆ ತೆಗೆದದ್ದನ್ನು ಎಸೆಯಬೇಡಿ. ಕವರ್‌ಗೆ ಹಾಕಿ, ಯಾವ ಕಡೆಯ ಸ್ಪೀಕರ್‌ನದು, ಏನು ಬದಲಿಸಿದಿರಿ ಅಂತ ಬರೆದು ಸ್ಪೀಕರ್‌ನ ಬಿಲ್ ಜೊತೆ ಇಡಿ. ಮುಂದೆ ಇದನ್ನು ಕೊಳ್ಳಲು ಬರುವವರು ಕೇಳುವ ಮೊದಲ ಪ್ರಶ್ನೆ ಅದೇ ಆಗಿರುತ್ತದೆ.